ಬೂತಾಯಿಯ ಏರಿಳಿತ: ಮರಿಮೀನಿನ ರಕ್ಷಣೆಗೆ ಸಂಶೋಧನೆಯ ನೆರವು

ಕರಾವಳಿಯ ತೆಂಗು ಮತ್ತು ಅಡಿಕೆ ಬೆಳೆಗಾರರಿಗೆ ಬೂತಾಯಿ ಊಟದ ಮೀನು ಮಾತ್ರವಲ್ಲ, ತೋಟದ ಗೊಬ್ಬರವೂ ಹೌದು. ಮೀನು ರಾಶಿ ಬಿದ್ದ ವರ್ಷಗಳಲ್ಲಿ, ದಡದಲ್ಲಿ ಕೊಳ್ಳುವವರಿಲ್ಲದೆ ಉಳಿದ ಬೂತಾಯಿಯನ್ನು ಗಾಡಿಗಳಲ್ಲಿ ತುಂಬಿ ತಂದು ತೆಂಗಿನ ಬುಡಕ್ಕೆ ಹಾಕುವುದು ಹಿಂದಿನಿಂದ ನಡೆದುಬಂದ ರೂಢಿ. ಮರಳಿನ ಮೇಲೆ ಒಣಗಿಸಿದ ಮೀನು ಮತ್ತು ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಇವೆರಡೂ ಘಟ್ಟ ಹತ್ತಿ ಕಾಫಿ ತೋಟಗಳವರೆಗೆ ಹೋಗುತ್ತಿದ್ದವು. ಮೀನಿನ ಗೊಬ್ಬರದಲ್ಲಿ ಶೇಕಡಾ 4ರಿಂದ 10ರಷ್ಟು ಸಾರಜನಕ, 3ರಿಂದ 9ರಷ್ಟು ರಂಜಕ ಮತ್ತು ಅಲ್ಪ ಪ್ರಮಾಣದ ಪೊಟ್ಯಾಷ್ ಇರುವುದರಿಂದ ಈ ರೂಢಿಗೆ ಒಳ್ಳೆಯ ಕಾರಣವೇ ಇತ್ತು.

ತುಳುವಿನ ಈ ಬೂತಾಯಿಗೆ ಕುಂದಾಪುರದ ಕಡೆ ಬೈಗೆ ಎನ್ನುತ್ತಾರೆ, ಕೊಂಕಣಿಯಲ್ಲಿ ತಾರ್ಲಿ ಎನ್ನುತ್ತಾರೆ, ಕೇರಳದವರಿಗೆ ಅದು ಮತ್ತಿ. ವಿಜ್ಞಾನದಲ್ಲಿ ಇದರ ಹೆಸರು ಸಾರ್ಡಿನೆಲ್ಲ ಲಾಂಗಿಸೆಪ್ಸ್. ಬಡವರ ಮನೆಯ ಸಾರಿಗೆ ಇಷ್ಟು ಅಗ್ಗದಲ್ಲಿ ಇಷ್ಟು ಸತ್ವ ಕೊಡುವ ಮೀನು ಪಶ್ಚಿಮ ಕರಾವಳಿಯಲ್ಲಿ ಮತ್ತೊಂದಿಲ್ಲ. ಆದರೆ ಇದನ್ನು ನಂಬಿ ಕೂರುವಂತಿಲ್ಲ. ಒಂದು ವರ್ಷ ಬಲೆ ಹರಿಯುವಷ್ಟು ಬರುತ್ತದೆ, ಇನ್ನೊಂದು ವರ್ಷ ಕಣ್ಣಿಗೂ ಬೀಳುವುದಿಲ್ಲ. ದೇಶದಲ್ಲಿ ಸಿಕ್ಕ ಬೂತಾಯಿ 1952ರಲ್ಲಿ ಸುಮಾರು 14 ಸಾವಿರ ಟನ್. 1968ರಲ್ಲಿ ಸುಮಾರು 3 ಲಕ್ಷ ಟನ್. ಇತ್ತೀಚಿನ ಏರಿಳಿತ ಇದಕ್ಕಿಂತಲೂ ಕಡಿದು. 2012ರಲ್ಲಿ ಕೇರಳವೊಂದರಲ್ಲೇ ಸುಮಾರು 3.9 ಲಕ್ಷ ಟನ್ ಬೂತಾಯಿ ದಡಕ್ಕೆ ಬಂದಿತು. ಒಂಬತ್ತು ವರ್ಷಗಳ ನಂತರ, 2021ರಲ್ಲಿ, ಅದೇ ಕೇರಳದಲ್ಲಿ ಸಿಕ್ಕಿದ್ದು 3,297 ಟನ್. ನೂರು ಮೂಟೆ ಬೆಳೆಯುತ್ತಿದ್ದ ಗದ್ದೆಯಲ್ಲಿ ಒಂದು ಮೂಟೆಯೂ ಕೈಗೆ ಬಾರದ ಹಾಗೆ ಇದು.

ಇಂತಹ ಕುಸಿತಕ್ಕೆ ಕಾರಣವೇನು? ಕಡಲು ತಾನಾಗಿ ಮುನಿಯಿತೇ, ಅಥವಾ ಬಲೆಯೇ ಅದನ್ನು ಬರಿದು ಮಾಡಿತೇ? ದಡದಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ನಾಡದೋಣಿಯವರು ಪರ್ಸೀನ್ ಬೋಟಿನವರನ್ನು ದೂರುತ್ತಾರೆ. ಪರ್ಸೀನಿನವರು ಟ್ರಾಲರನ್ನು ದೂರುತ್ತಾರೆ. ಎಲ್ಲರೂ ಸೇರಿ ಪಕ್ಕದ ರಾಜ್ಯದ ಬೋಟುಗಳನ್ನು ದೂರುತ್ತಾರೆ. ಈ ಜಗಳದಲ್ಲಿ ಯಾರ ಪಕ್ಷವನ್ನೂ ಹಿಡಿಯದೆ, ಪ್ರಕೃತಿಯ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಬಲ್ಲದ್ದು ಸಂಶೋಧನೆ ಮಾತ್ರ. ಬೂತಾಯಿಯ ವಿಷಯದಲ್ಲಿ ಈ ಕೆಲಸ ನೂರು ವರ್ಷಗಳಿಂದ ನಡೆದಿದೆ. ಅದರ ಫಲ ಏನು, ಅದರಲ್ಲಿ ತೋಟಗಾರರಿಗೂ ಕೋಳಿ ಸಾಕುವವರಿಗೂ ಏನು ಸಂಬಂಧ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಎಣ್ಣೆ ಕಾರ್ಖಾನೆಗಳ ಕಾಲ

ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕಾಲವದು. 20ನೆಯ ಶತಮಾನದ ಆರಂಭದಲ್ಲಿ ಆ ಪ್ರಾಂತ್ಯದ ಮೀನುಗಾರಿಕೆ ಇಲಾಖೆ ಬೂತಾಯಿಯನ್ನು ಬೇಯಿಸಿ, ಹಿಂಡಿ, ಎಣ್ಣೆ ಮತ್ತು ಗೊಬ್ಬರ ತೆಗೆಯುವ ವಿಧಾನವನ್ನು ಪ್ರಚಾರ ಮಾಡಿತು. ಕೆಲವೇ ವರ್ಷಗಳಲ್ಲಿ ಮಲಬಾರ್ ಮತ್ತು ದಕ್ಷಿಣ ಕನ್ನಡದ ದಡಗಳಲ್ಲಿ ಇಂತಹ ಸಣ್ಣ ಕಾರ್ಖಾನೆಗಳು ನೂರಾರು ತಲೆಯೆತ್ತಿದವು. ಎಣ್ಣೆಯನ್ನು ಚರ್ಮ ಹದಮಾಡಲು, ದೋಣಿಗೆ ಬಳಿಯಲು ಉಪಯೋಗಿಸಿದರೆ, ಹಿಂಡಿ ತೋಟಗಳಿಗೆ ಹೋಯಿತು. ಮೀನು ಬಾರದ ವರ್ಷ ಬಂದಾಗ ಕಾರ್ಖಾನೆಗಳು ಮುಚ್ಚಿದವು, ಆಗಲೇ ಮೊದಲ ಪ್ರಶ್ನೆ ಎದ್ದಿತು.

ಜೇಮ್ಸ್ ಹಾರ್ನೆಲ್ ಮತ್ತು ನಾಯ್ಡು ಎಂಬ ಇಬ್ಬರು 1920ರ ದಶಕದಲ್ಲಿ ಬೂತಾಯಿಯ ಜೀವನಚರಿತ್ರೆಯ ಬಗ್ಗೆ ವಿವರವಾದ ಅಧ್ಯಯನವನ್ನು ಪ್ರಕಟಿಸಿದರು. ಮೀನು ಯಾವಾಗ ಮೊಟ್ಟೆ ಇಡುತ್ತದೆ, ಏನು ತಿನ್ನುತ್ತದೆ, ಎಷ್ಟು ವರ್ಷ ಬದುಕುತ್ತದೆ ಎಂಬ ಮೂಲ ವಿಷಯಗಳೇ ಆವರೆಗೆ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. 1940ರ ದಶಕದಲ್ಲಿ ಬೂತಾಯಿ ಮತ್ತೆ ಕಾಣೆಯಾದಾಗ ದೇವನೇಶನ್ ಎಂಬ ವಿಜ್ಞಾನಿ ಅದರ ಮೊಟ್ಟೆಗಳನ್ನೂ, ಮೊಟ್ಟೆಯಿಡುವ ಸ್ಥಳವನ್ನೂ ಹುಡುಕಿ, ಮೀನಿನ ವಯಸ್ಸನ್ನು ಗೊತ್ತುಮಾಡಿ, 1943ರಲ್ಲಿ ವರದಿ ಪ್ರಕಟಿಸಿದರು. ಅದೇ ವರ್ಷ ಮದ್ರಾಸ್ ಸರ್ಕಾರ ಮೊಟ್ಟೆ ತುಂಬಿದ ಬೂತಾಯಿಯನ್ನು ಹಿಡಿಯುವ ಕೆಲವು ಬಲೆಗಳ ಮೇಲೆ, ಮತ್ತು ಮರಿಮೀನು ಹಿಡಿಯುವುದರ ಮೇಲೆ ನಿರ್ಬಂಧ ಹೇರಿತು. ಈ ನಿಯಮ ಮಲಬಾರಿಗೂ ದಕ್ಷಿಣ ಕನ್ನಡಕ್ಕೂ ಅನ್ವಯಿಸಿತ್ತು. ಆದರೆ ದೀರ್ಘವಾದ ತೀರದಲ್ಲಿ ಸಾವಿರಾರು ದೋಣಿಗಳನ್ನು ತಪಾಸಣೆ ಮಾಡುವವರು ಯಾರು? ಕೆಲವೇ ವರ್ಷಗಳಲ್ಲಿ ನಿಯಮವನ್ನು ಹಿಂದಕ್ಕೆ ಪಡೆಯಬೇಕಾಯಿತು.

ಇಂದು ನಾವು ಆಡುತ್ತಿರುವ ಮಾತನ್ನೇ, ಅಂದರೆ ಮರಿಯನ್ನು ಬಿಡಿ, ಬಸಿರು ಮೀನನ್ನು ಬಿಡಿ ಎಂಬುದನ್ನೇ, ಎಂಬತ್ತು ವರ್ಷಗಳ ಹಿಂದೆಯೂ ಹೇಳಿದ್ದರು ಎಂಬುದು ಗಮನಿಸತಕ್ಕ ಸಂಗತಿ. ವ್ಯತ್ಯಾಸವೆಂದರೆ ಆಗ ರಂಪಣಿ ಬಲೆ ಮತ್ತು ಹುಟ್ಟುಹಾಕುವ ದೋಣಿ ಇದ್ದವು. 1970ರ ದಶಕದ ಮಧ್ಯಭಾಗದಲ್ಲಿ ನಮ್ಮ ಕರಾವಳಿಗೆ ಪರ್ಸೀನ್ ಬಲೆ ಬಂದ ಮೇಲೆ ಮೀನಿನ ಹಿಂಡು ದಡಕ್ಕೆ ಬರುವ ತನಕ ಕಾಯುವ ಅಗತ್ಯವೇ ಉಳಿಯಲಿಲ್ಲ. ಎಂಬತ್ತು ನೂರು ಜನ ಸೇರಿ ಎಳೆಯುತ್ತಿದ್ದ ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆಗೆ ಸರಿಯಿತು.

ಕಡಲಿನ ಮೀನನ್ನು ಎಣಿಸುವುದು ಹೇಗೆ?

ಹೊಲದಲ್ಲಿ ಬೆಳೆ ಅಂದಾಜು ಮಾಡುವುದನ್ನು ನೀವು ನೋಡಿದ್ದೀರಿ. ಗೊತ್ತುಪಡಿಸಿದ ತುಂಡು ಜಾಗದಲ್ಲಿ ಕೊಯಿಲು ಮಾಡಿ, ತೂಗಿ, ಅದರಿಂದ ಇಡೀ ತಾಲ್ಲೂಕಿನ ಇಳುವರಿಯನ್ನು ಲೆಕ್ಕ ಹಾಕುತ್ತಾರೆ. ಕಡಲಿನಲ್ಲಿಯೂ ಬಹುಮಟ್ಟಿಗೆ ಇದೇ ಕ್ರಮ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 1947ರಲ್ಲಿ ಸ್ಥಾಪನೆಯಾಯಿತು. ಇಂದು ಅದರ ಕೇಂದ್ರ ಕಚೇರಿ ಕೊಚ್ಚಿಯಲ್ಲಿದೆ, ಮಂಗಳೂರು ಮತ್ತು ಕಾರವಾರಗಳಲ್ಲಿ ಶಾಖೆಗಳಿವೆ. ಈ ಸಂಸ್ಥೆಯ ಸಿಬ್ಬಂದಿ ಆಯ್ದ ಬಂದರುಗಳಲ್ಲಿ, ಆಯ್ದ ದಿನಗಳಲ್ಲಿ, ಆಯ್ದ ಬೋಟುಗಳಿಂದ ಇಳಿದ ಮೀನನ್ನು ಜಾತಿವಾರು ತೂಗಿ ಬರೆದುಕೊಳ್ಳುತ್ತಾರೆ. ಯಾವ ಬೋಟು, ಯಾವ ದಿನ ಎಂಬುದು ಅವರ ಇಷ್ಟಕ್ಕೆ ಬಿಟ್ಟದ್ದಲ್ಲ. ಸಂಖ್ಯಾಶಾಸ್ತ್ರದ ನಿಯಮದಂತೆ ಮೊದಲೇ ನಿಗದಿಯಾಗಿರುತ್ತದೆ. ವರ್ಷವರ್ಷವೂ ಒಂದೇ ಕ್ರಮದಲ್ಲಿ ಲೆಕ್ಕ ಇಟ್ಟಿರುವುದರಿಂದಲೇ 2012ರ ಅಂಕಿಯನ್ನೂ 2021ರ ಅಂಕಿಯನ್ನೂ ಅಕ್ಕಪಕ್ಕ ಇಟ್ಟು ಮಾತನಾಡಲು ಸಾಧ್ಯವಾಗಿದೆ.

ತೂಕದ ಜೊತೆಗೆ ಉದ್ದವನ್ನೂ ಅಳೆಯುತ್ತಾರೆ. ಇದೇ ಮುಖ್ಯ. ಚಳಿದೇಶಗಳ ಮೀನಿನ ಕಿವಿಯೊಳಗಿನ ಸಣ್ಣ ಕಲ್ಲಿನಲ್ಲಿ, ಮರದ ಕಾಂಡದಲ್ಲಿರುವ ಹಾಗೆ, ವರ್ಷಕ್ಕೊಂದು ಉಂಗುರ ಮೂಡುತ್ತದೆ; ಎಣಿಸಿದರೆ ವಯಸ್ಸು ಸಿಗುತ್ತದೆ. ನಮ್ಮ ಬೆಚ್ಚಗಿನ ನೀರಿನಲ್ಲಿ ಆ ಉಂಗುರಗಳು ಅಷ್ಟು ಸ್ಪಷ್ಟವಾಗಿ ಮೂಡುವುದಿಲ್ಲ. ಆದ್ದರಿಂದ ವಿಜ್ಞಾನಿಗಳು ಪ್ರತಿ ತಿಂಗಳೂ ನೂರಾರು ಮೀನುಗಳನ್ನು ಅಳತೆಗೋಲಿನ ಮೇಲಿಟ್ಟು, ಯಾವ ಉದ್ದದವು ಎಷ್ಟಿವೆ ಎಂದು ಗುರುತು ಹಾಕುತ್ತಾರೆ. ಒಂದೇ ಮಳೆಗಾಲದಲ್ಲಿ ಹುಟ್ಟಿದ ಮೀನುಗಳ ಗುಂಪು ತಿಂಗಳಿಂದ ತಿಂಗಳಿಗೆ ಉದ್ದವಾಗುತ್ತಾ ಹೋಗುವುದು ಈ ಪಟ್ಟಿಯಲ್ಲಿ ಎದ್ದು ಕಾಣುತ್ತದೆ. ಜೊತೆಗೆ ಹೊಟ್ಟೆಯನ್ನು ಸೀಳಿ ಮೊಟ್ಟೆಯ ಗಂಟು ಯಾವ ಹಂತದಲ್ಲಿದೆ ಎಂದೂ ನೋಡುತ್ತಾರೆ. ವಾಸನೆಯ ಕೆಲಸ, ಬೇಸರದ ಕೆಲಸ. ಆದರೆ ಮುಂದೆ ಹೇಳುವ ಎಲ್ಲ ಮಾತಿಗೂ ಇದೇ ಬುನಾದಿ.

ಈ ಅಳತೆಗಳಿಂದ ತಿಳಿದುಬಂದದ್ದು ಇಷ್ಟು. ಬೂತಾಯಿ ಮುಖ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊಟ್ಟೆಯಿಡುತ್ತದೆ. ಒಂದು ಹೆಣ್ಣುಮೀನು ಹತ್ತಾರು ಸಾವಿರ ಮೊಟ್ಟೆ ಇಡುತ್ತದೆ. ಅವು ಸುಮಾರು ಒಂದು ದಿನದಲ್ಲಿ ಒಡೆಯುತ್ತವೆ. ಮರಿ ಬೇಗ ಬೆಳೆದು ಸುಮಾರು ಒಂದು ವರ್ಷಕ್ಕೆ 15 ಸೆಂಟಿಮೀಟರಿನಷ್ಟಾಗಿ ಮೊದಲ ಸಲ ಮೊಟ್ಟೆಯಿಡಲು ಸಿದ್ಧವಾಗುತ್ತದೆ. ಒಟ್ಟು ಆಯುಸ್ಸು ಎರಡು, ಎರಡೂವರೆ ವರ್ಷ. ಎಂದರೆ ಕಡಲಿನಲ್ಲಿರುವ ಬೂತಾಯಿಯ ರಾಶಿಯೆಲ್ಲ ಒಂದೆರಡು ವರ್ಷದ ಹುಟ್ಟುವಳಿ ಮಾತ್ರ. ತೆಂಗಿನ ಮರದಂತೆ ಹಳೆಯ ದಾಸ್ತಾನು ಇಲ್ಲಿಲ್ಲ. ರಾಗಿಯ ಹಾಗೆ ವರ್ಷವರ್ಷವೂ ಹೊಸದಾಗಿ ಬರಬೇಕು. ಒಂದು ಮಳೆಗಾಲದ ಹುಟ್ಟುವಳಿ ಕೆಟ್ಟರೆ ಮುಂದಿನ ಎರಡು ವರ್ಷ ಕಣಜ ಬರಿದು.

ಮಳೆಯ ಪಾಲು

ಮುಂಗಾರು ಬೀಸತೊಡಗಿದಾಗ ದಡದ ಮೇಲ್ಮೈಯ ನೀರು ಹೊರಕ್ಕೆ ಸರಿಯುತ್ತದೆ, ಅದರ ಜಾಗಕ್ಕೆ ಆಳದ ತಣ್ಣಗಿನ ನೀರು ಮೇಲೇರುತ್ತದೆ. ಈ ನೀರು ತಳದ ಗೊಬ್ಬರವನ್ನೆಲ್ಲ ಹೊತ್ತು ತರುತ್ತದೆಂದೇ ಹೇಳಬಹುದು. ಸಾರಜನಕ, ರಂಜಕ, ಸಿಲಿಕಾ ಇವು ಬಿಸಿಲು ಬೀಳುವ ಪದರಕ್ಕೆ ಬಂದೊಡನೆ ಕಣ್ಣಿಗೆ ಕಾಣದ ಸಸ್ಯಗಳು ಪೊದೆಪೊದೆಯಾಗಿ ಬೆಳೆಯುತ್ತವೆ. ಡಯಾಟಮ್ ಎಂಬ ಈ ಗಾಜಿನ ಚಿಪ್ಪಿನ ಸಸ್ಯಗಳೇ ಬೂತಾಯಿಯ ಮುಖ್ಯ ಮೇವು. ಅವುಗಳಲ್ಲಿ ಫ್ರಜಿಲೇರಿಯಾ ಎಂಬ ಜಾತಿ ಹೆಚ್ಚು ಬೆಳೆದ ವರ್ಷ ಬೂತಾಯಿಯೂ ಹೆಚ್ಚೆಂದು ಹಿಂದಿನ ವಿಜ್ಞಾನಿಗಳು ಗುರುತಿಸಿದ್ದರು. ಮೇವು ಹೇರಳವಾಗುವ ಹೊತ್ತಿಗೇ ಮರಿ ಹುಟ್ಟುವ ಹಾಗೆ ಈ ಮೀನಿನ ಜೀವನಕ್ರಮ ಹೊಂದಿಕೊಂಡಿದೆ.

ಮುಂಗಾರು ತಪ್ಪಿದರೆ, ನೀರು ಬೆಚ್ಚಗಾದರೆ, ಈ ಹೊಂದಾಣಿಕೆ ಕೆಡುತ್ತದೆ. 2015ರಲ್ಲಿ ಪೆಸಿಫಿಕ್ ಸಾಗರದಲ್ಲಿ ಎಲ್ ನಿನೊ ಎಂಬ ಬಿಸಿಯೇರಿಕೆ ಪ್ರಬಲವಾಗಿತ್ತು; ಅದರ ಪರಿಣಾಮ ನಮ್ಮ ಕಡಲಿಗೂ ತಟ್ಟಿತು. ಬೂತಾಯಿಯ ಬೆಳವಣಿಗೆ, ಮೊಟ್ಟೆ ಕಟ್ಟುವಿಕೆ ಎರಡೂ ಕುಂಠಿತವಾದವು. ಹಾಗಾದರೆ ಎಲ್ಲವೂ ಪ್ರಕೃತಿಯದೇ ತಪ್ಪೇ? ಅಲ್ಲ. ಅದಕ್ಕೆ ಮುಂಚಿನ ಕೆಲವು ವರ್ಷಗಳಲ್ಲಿ, 2012ರ ದಾಖಲೆಯ ಹಿಡುವಳಿಯೂ ಸೇರಿದಂತೆ, ಕಡಲಿನಲ್ಲಿ ಉಳಿಯಬೇಕಾಗಿದ್ದ ತಾಯಿಮೀನು ಮತ್ತು ಮರಿಮೀನು ಅತಿಯಾಗಿ ದಡ ಸೇರಿಬಿಟ್ಟಿದ್ದವು. ಬೀಜವೇ ಕಡಮೆಯಿದ್ದ ಹೊತ್ತಿನಲ್ಲಿ ಬರ ಬಂದಂತಾಯಿತು. ಕೇಂದ್ರೀಯ ಸಂಸ್ಥೆಯ ವಿಜ್ಞಾನಿಗಳು ಈ ಕುಸಿತಕ್ಕೆ ಅತಿಯಾದ ಹಿಡುವಳಿ ಮತ್ತು ಹವಾಮಾನ ಎರಡನ್ನೂ ಹೊಣೆ ಮಾಡಿರುವುದು ಇದೇ ಕಾರಣಕ್ಕೆ.

ಮಳೆ ಚೆನ್ನಾದ ಮೇಲೆ ಮೀನು ಮರಳಿತು ಎಂಬುದನ್ನೂ ಹೇಳಬೇಕು. 2022ರಲ್ಲಿ ಕೇರಳದ ಬೂತಾಯಿ ಮತ್ತೆ ಒಂದು ಲಕ್ಷ ಟನ್ ಮುಟ್ಟಿತು, ಮುಂದಿನ ಎರಡು ವರ್ಷ ಇನ್ನೂ ಏರಿತು. ಆದರೆ 2024ರ ಉತ್ತಮ ಮುಂಗಾರಿನ ನಂತರ ಒಂದು ಹೊಸ ಸಂಗತಿ ಕಂಡುಬಂದಿತು: ಮೀನು ಬಹಳ, ಗಾತ್ರ ಚಿಕ್ಕದು. ಮರಿಗಳು ಮಿತಿಮೀರಿ ಬದುಕುಳಿದು, ಇದ್ದ ಮೇವಿಗೆ ಪೈಪೋಟಿ ನಡೆಸಿ ಬಡಕಲಾದವೆಂದು ವಿಜ್ಞಾನಿಗಳು ವಿವರಿಸಿದರು. ಒತ್ತಾಗಿ ಬಿತ್ತಿದ ಸಸಿಮಡಿಯಲ್ಲಿ ಪೈರು ನರಪೇತಲವಾಗುವುದನ್ನು ಕಂಡವರಿಗೆ ಇದು ಆಶ್ಚರ್ಯವೆನಿಸದು. ‘ಹಾಗಾದರೆ ಹಿಡಿದು ತೆಳುಮಾಡುವುದೇ ಒಳ್ಳೆಯದಲ್ಲವೇ?’ ಎಂದು ಕೇಳುವವರಿದ್ದಾರೆ. ಸಸಿಮಡಿಯಲ್ಲಿ ಎಷ್ಟು ಕಿತ್ತೆವು, ಎಷ್ಟು ಉಳಿಯಿತು ಎಂಬುದು ಕಣ್ಣೆದುರಿಗೇ ಇರುತ್ತದೆ. ಕಡಲಿನಲ್ಲಿ ಹಾಗಲ್ಲ. ಮುಂದಿನ ಮುಂಗಾರು ಹೇಗಿರುತ್ತದೆಂದು ಯಾರೂ ಬಲ್ಲವರಿಲ್ಲ. ಆದ್ದರಿಂದ ಅಂತಹ ವರ್ಷದಲ್ಲಿಯೂ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿಯನ್ನು ಹಿಡಿಯಬಾರದೆಂಬ ಸಲಹೆಯನ್ನು ಅವರು ಬಿಟ್ಟುಕೊಡಲಿಲ್ಲ.

ಹತ್ತು ಸೆಂಟಿಮೀಟರಿನ ಲೆಕ್ಕ

ಈ 10 ಸೆಂಟಿಮೀಟರ್ ಎಲ್ಲಿಂದ ಬಂದಿತು? ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಮೀನಿನ ಉದ್ದ ಒಂದೂವರೆ ಪಟ್ಟಾದರೆ ಅದರ ಅಗಲ, ದಪ್ಪ ಎರಡೂ ಅದೇ ಪ್ರಮಾಣದಲ್ಲಿ ಹೆಚ್ಚುವುದರಿಂದ ತೂಕ ಮೂರು ಪಟ್ಟಿಗೂ ಮಿಕ್ಕಿ ಏರುತ್ತದೆ. 10 ಸೆಂಟಿಮೀಟರಿನ ಬೂತಾಯಿ ಸುಮಾರು 10 ಗ್ರಾಂ ತೂಗುತ್ತದೆ. ಕಿಲೋಗೆ ನೂರು ಮೀನು. 15 ಸೆಂಟಿಮೀಟರಿನದು 30 ಗ್ರಾಮಿಗೂ ಹೆಚ್ಚು. ಕಿಲೋಗೆ ಮೂವತ್ತು ಮೀನು. ಇಂದು ಒಂದು ಕಿಲೋ ಮರಿ ಹಿಡಿಯುವ ಬದಲು ಆ ನೂರು ಮೀನನ್ನು ಕಡಲಿನಲ್ಲೇ ಬಿಟ್ಟರೆ ಎಲ್ಲವೂ ಬದುಕುವುದಿಲ್ಲ ನಿಜ. ದೊಡ್ಡ ಮೀನು ತಿನ್ನುತ್ತದೆ, ಹಕ್ಕಿ ತಿನ್ನುತ್ತದೆ, ರೋಗ ಬರುತ್ತದೆ. ಅರ್ಧದಷ್ಟು ಸತ್ತವೆಂದೇ ಇಟ್ಟುಕೊಳ್ಳೋಣ. ಉಳಿದ ಐವತ್ತು ಮೀನು ಒಂದೂವರೆ ಕಿಲೋ ದಾಟುತ್ತವೆ. ನೂರರಲ್ಲಿ ಎಪ್ಪತ್ತು ಸತ್ತರೆ ಮಾತ್ರ ತೂಕದಲ್ಲಿ ಸಮಸಮ. ಬೆಲೆಯ ಮಾತು ಬೇರೆಯೇ ಇದೆ: ಮರಿ ಹೋಗುವುದು ಗೊಬ್ಬರ ಮತ್ತು ಮೀನುಹಿಟ್ಟಿನ ದರದಲ್ಲಿ, ಬೆಳೆದ ಮೀನು ಹೋಗುವುದು ಊಟದ ಮೀನಿನ ದರದಲ್ಲಿ. ಅಷ್ಟರೊಳಗೆ ಒಂದು ಸಲ ಮೊಟ್ಟೆಯಿಟ್ಟಿದ್ದರೆ ಅದು ಲಾಭದ ಮೇಲಿನ ಲಾಭ.

ಈ ಬಗೆಯ ಲೆಕ್ಕವನ್ನು ಒಂದೊಂದು ಜಾತಿಗೂ ಹಾಕಿ, ಇಷ್ಟಕ್ಕಿಂತ ಚಿಕ್ಕ ಮೀನನ್ನು ದಡಕ್ಕೆ ತರಬಾರದೆಂದು ಕನಿಷ್ಠ ಅಳತೆಗಳನ್ನು ಕೇಂದ್ರೀಯ ಸಂಸ್ಥೆ ಶಿಫಾರಸು ಮಾಡಿತು. ಕೇರಳ ಸರ್ಕಾರ 2015ರಲ್ಲಿ 14 ಜಾತಿಗಳಿಗೆ, 2017ರಲ್ಲಿ ಒಟ್ಟು 58 ಜಾತಿಗಳಿಗೆ ಇವನ್ನು ಕಾನೂನಾಗಿ ಜಾರಿಗೆ ತಂದಿತು. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14.

ಬೂತಾಯಿ ಮೊಟ್ಟೆಯಿಡುವುದು 15 ಸೆಂಟಿಮೀಟರಿಗೆ ಎಂದ ಮೇಲೆ ಮಿತಿ 10 ಏಕೆ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಕಡಲಿನಲ್ಲಿ ಒಂದೇ ಬಲೆಗೆ ಹತ್ತಾರು ಜಾತಿಯ ಮೀನು ಬೀಳುತ್ತದೆ. 15ಕ್ಕೆ ಮಿತಿ ಹಾಕಿದರೆ ವರ್ಷದ ಬಹುಪಾಲು ದಿನ ಬೋಟುಗಳು ದಡದಲ್ಲೇ ನಿಲ್ಲಬೇಕಾದೀತು. ಆದ್ದರಿಂದ ಮೀನುಗಾರ ಪಾಲಿಸಬಹುದಾದ ಅಳತೆಯನ್ನೇ ಗೊತ್ತುಮಾಡಿದ್ದಾರೆ. ಇದು ಒಂದು ರಾಜಿ. 1943ರ ನಿಯಮ ಕಾಗದದ ಮೇಲೆ ಉಳಿದದ್ದನ್ನು ನೆನೆದರೆ ಈ ರಾಜಿ ತಪ್ಪೆಂದು ಹೇಳಲಾಗದು.

ಫಲ ದೊರೆತಿದೆಯೇ? ಬೂತಾಯಿಯ ವಿಷಯದಲ್ಲಿ ಹವಾಮಾನದ ಹೊಡೆತ ದೊಡ್ಡದಾದ್ದರಿಂದ ನಿಯಮದ ಫಲವನ್ನು ಬಿಡಿಸಿ ತೋರಿಸುವುದು ಕಷ್ಟ. ಆದರೆ ತಳದಲ್ಲಿ ವಾಸಿಸುವ ಮದ್ಮಾಳ್ ಮೀನಿನಲ್ಲಿ ಫಲ ಕಾಣಿಸಿದೆ. ಕೇರಳದಲ್ಲಿ ಕನಿಷ್ಠ ಅಳತೆಯ ನಿಯಮ ಬಂದ ಮೇಲೆ ಈ ಮೀನಿನ ಉತ್ಪಾದನೆ ಶೇಕಡಾ 40ರಷ್ಟು ಹೆಚ್ಚಿದೆಯೆಂದು ಸಂಸ್ಥೆ 2023ರಲ್ಲಿ ತಿಳಿಸಿತು.

ಬಲೆಯ ಕಣ್ಣು ಮತ್ತು ಬಿಡುವಿನ ಕಾಲ

ದಡದಲ್ಲಿ ಅಳೆದು ದಂಡ ಹಾಕುವುದಕ್ಕಿಂತ ಮರಿ ಬಲೆಗೇ ಬೀಳದಂತೆ ಮಾಡುವುದು ಲೇಸು. ಸತ್ತ ಮರಿಯನ್ನು ಮತ್ತೆ ಕಡಲಿಗೆ ಎಸೆದು ಏನು ಪ್ರಯೋಜನ? ಕೊಚ್ಚಿಯಲ್ಲಿರುವ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಈ ದಿಕ್ಕಿನಲ್ಲಿ ಕೆಲಸ ಮಾಡಿದೆ. ಸಾಮಾನ್ಯ ಟ್ರಾಲ್ ಬಲೆಯ ಚೀಲದ ಕಣ್ಣು ಹರಳಿನ ಆಕಾರದ್ದು. ಬಲೆಯನ್ನು ಎಳೆದಾಗ, ಮೀನಿನ ಭಾರ ಬಿದ್ದಾಗ, ಆ ಕಣ್ಣು ಮುಚ್ಚಿಕೊಳ್ಳುತ್ತದೆ. ಹೆಸರಿಗೆ ದೊಡ್ಡ ಕಣ್ಣಾದರೂ ಮರಿಗೆ ದಾರಿ ಇಲ್ಲ. ಅದೇ ಬಲೆಯನ್ನು ತಿರುಗಿಸಿ, ಕಣ್ಣು ಚೌಕವಾಗಿ ನಿಲ್ಲುವಂತೆ ಚೀಲ ಹೊಲಿದರೆ ಎಷ್ಟೇ ಎಳೆದರೂ ಕಣ್ಣು ತೆರೆದೇ ಇರುತ್ತದೆ, ಮರಿ ನುಸುಳಿ ಪಾರಾಗುತ್ತದೆ. ಕಾಳಿನ ಜರಡಿಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗುಜರಾತಿನ 2003ರ ಕಾನೂನು 40 ಮಿಲಿಮೀಟರಿನ ಚೌಕ ಕಣ್ಣನ್ನು ಕಡ್ಡಾಯ ಮಾಡಿದೆ. ಪಾಲನೆ ಎಷ್ಟಿದೆ ಎಂಬುದು ಬೇರೆ ಮಾತು. ಒಂದು ಬೋಟು ದೊಡ್ಡ ಕಣ್ಣಿನ ಬಲೆ ಹಾಕಿ ಪಕ್ಕದ ಬೋಟು ಸಣ್ಣ ಕಣ್ಣಿನದನ್ನು ಹಾಕಿದರೆ ಮೊದಲನೆಯವನಿಗೆ ಅಂದಿನ ನಷ್ಟ ಖಂಡಿತ. ಆದ್ದರಿಂದ ಇದು ಊರೆಲ್ಲ ಒಟ್ಟಾಗಿ ಮಾಡಬೇಕಾದ ಕೆಲಸ.

ಮಳೆಗಾಲದ ಬಿಡುವು ಹೆಚ್ಚು ಯಶಸ್ವಿಯಾಗಿದೆ. ಕೇರಳದಲ್ಲಿ ದೀರ್ಘ ವಿವಾದದ ನಂತರ, ತಜ್ಞರ ಸಮಿತಿಗಳು ಒಂದರ ಮೇಲೊಂದು ಕುಳಿತು, 1988ರಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ ಜಾರಿಗೆ ಬಂದಿತು. ಕರ್ನಾಟಕದಲ್ಲಿ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆಯ ಅಡಿಯಲ್ಲಿ ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. 10 ಅಶ್ವಶಕ್ತಿಯವರೆಗಿನ ಮೋಟಾರಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಮೊದಲು ಹೇಳಿದಂತೆ ಬೂತಾಯಿ ಮೊಟ್ಟೆಯಿಡುವ ಮುಖ್ಯ ಕಾಲವೂ ಇದೇ. ಇನ್ನೊಂದು ಕ್ರಮವೂ ಬಂದಿದೆ: ರಾತ್ರಿ ಪ್ರಖರ ದೀಪ ಹಾಕಿ ಮೀನನ್ನು ಸೆಳೆಯುವುದು ಮತ್ತು ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವುದು, ಇವೆರಡನ್ನೂ ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ದೀಪಕ್ಕೆ ತಾಯಿ, ಮರಿ ಎಂಬ ಭೇದವಿಲ್ಲದೆ ಎಲ್ಲ ಮೀನೂ ಮುತ್ತುತ್ತದೆ.

ಬಿಡುವು ಮುಗಿದು ಆಗಸ್ಟ್‌ನಲ್ಲಿ ಬೋಟುಗಳು ಹೊರಡುವಾಗ ಆ ವರ್ಷ ಹುಟ್ಟಿದ ಮರಿಗಳು ದಡದ ಹತ್ತಿರವೇ ಹಿಂಡುಗಟ್ಟಿರುತ್ತವೆ. ಎರಡು ತಿಂಗಳು ಕಾಪಾಡಿದ್ದನ್ನು ಎರಡು ವಾರದಲ್ಲಿ ಕಳೆದುಕೊಳ್ಳುವ ಅಪಾಯ ಇರುವುದು ಇಲ್ಲೇ. ಬಿಡುವಿಗೂ ಕನಿಷ್ಠ ಅಳತೆಗೂ ಜೋಡಿ ಬೇಕೆನ್ನುವುದು ಇದಕ್ಕೇ.

ಮರಿಮೀನನ್ನು ಕೊಳ್ಳುವವರು ಯಾರು?

ಊಟಕ್ಕೆ ಬಾರದ ಮರಿಮೀನನ್ನು ಮೀನುಗಾರ ಏಕೆ ತರುತ್ತಾನೆ? ಕೊಳ್ಳುವವರಿದ್ದಾರೆಂದು ತರುತ್ತಾನೆ. ಹಿಂದೆ ಟ್ರಾಲರುಗಳು ಕಡಲಿಗೇ ಎಸೆದು ಬರುತ್ತಿದ್ದ ಚಿಲ್ಲರೆ ಮೀನಿಗೆ ಈಗ ಮೀನುಹಿಟ್ಟು ಮತ್ತು ಎಣ್ಣೆಯ ಕಾರ್ಖಾನೆಗಳಲ್ಲಿ ಬೇಡಿಕೆ ಇದೆ. ಮಂಗಳೂರು, ಉಡುಪಿ ಕಡೆ ಇಂತಹ ಕಾರ್ಖಾನೆಗಳು ಹಲವಾರಿವೆ. ಕೇರಳದಲ್ಲಿ ನಿಯಮ ಬಿಗಿಯಾದಾಗ ಅಲ್ಲಿನ ಮರಿಮೀನು ಲಾರಿ ಹತ್ತಿ ಹೊರರಾಜ್ಯಗಳಿಗೆ ಹೋಗುವುದನ್ನು ವಿಜ್ಞಾನಿಗಳು ಎತ್ತಿ ತೋರಿಸಿದ್ದಾರೆ. ಹಿಟ್ಟು ಸೀಗಡಿ ಮತ್ತು ಮೀನಿನ ಆಹಾರಕ್ಕೆ, ಕೋಳಿ ಆಹಾರಕ್ಕೆ ಹೋಗುತ್ತದೆ. ಒಣಗಿಸಿದ ಚಿಲ್ಲರೆ ಮೀನು ತೋಟಗಳಿಗೆ ಬರುತ್ತದೆ. ಹೀಗೆ ಕಡಲನ್ನೇ ನೋಡದ ರೈತನೂ ಈ ವ್ಯಾಪಾರದಲ್ಲಿ ಒಂದು ತುದಿಯನ್ನು ಹಿಡಿದಿದ್ದಾನೆ.

ಕೋಳಿ ಸಾಕುವವರಿಗೆ ಮೀನುಹಿಟ್ಟು ಅನಿವಾರ್ಯವಲ್ಲ. ಶೇಕಡಾ 44ರಿಂದ 48ರಷ್ಟು ಪ್ರೋಟೀನ್ ಇರುವ ಸೋಯಾ ಹಿಂಡಿ ಈಗ ಕೋಳಿ ಆಹಾರದ ಮುಖ್ಯ ಆಧಾರ. ಸೋಯಾದಲ್ಲಿ ಮಿಥಿಯೋನಿನ್ ಎಂಬ ಅಂಶ ಕಡಮೆ. ಅದನ್ನು ಪ್ರತ್ಯೇಕವಾಗಿ ಸೇರಿಸಿದರೆ ಮೊಟ್ಟೆಗೂ ಮಾಂಸಕ್ಕೂ ಕೊರತೆಯಾಗದು. ಮೀನುಹಿಟ್ಟು ಕೊಳ್ಳುವುದೇ ಆದರೆ ಉಪ್ಪು ಮತ್ತು ಮರಳಿನ ಅಂಶವನ್ನು ಪರೀಕ್ಷೆ ಮಾಡಿಸಿ ಕೊಳ್ಳಬೇಕು. ದಡದಲ್ಲಿ ಒಣಗಿಸಿದ ಚಿಲ್ಲರೆ ಮೀನಿನಲ್ಲಿ ಇವೆರಡೂ ಹೆಚ್ಚು, ಉಪ್ಪು ಹೆಚ್ಚಾದರೆ ಕೋಳಿ ಭೇದಿಗೆ ತುತ್ತಾಗುತ್ತದೆ.

ತೆಂಗು, ಅಡಿಕೆ ತೋಟಗಾರರಿಗೂ ಪರ್ಯಾಯಗಳಿವೆ. ಬೇವಿನ ಹಿಂಡಿಯಲ್ಲಿ ಶೇಕಡಾ 5ರಷ್ಟು, ನೆಲಗಡಲೆ ಹಿಂಡಿಯಲ್ಲಿ 7ರಷ್ಟು ಸಾರಜನಕವಿದೆ. ಮೀನಿನ ಗೊಬ್ಬರವೇ ಬೇಕೆನ್ನುವವರು ಇಡೀ ಮರಿಮೀನಿನ ಬದಲು ಮೀನು ಕತ್ತರಿಸುವ ಕಡೆ ಉಳಿಯುವ ತಲೆ, ಮೂಳೆ, ಕರುಳುಗಳನ್ನು ಉಪಯೋಗಿಸಬಹುದು. ಬಂದರು ಮತ್ತು ಮಾರುಕಟ್ಟೆಗಳಲ್ಲಿ ಇದು ದಿನವೂ ಸಿಗುವ ವಸ್ತು. ಹಸಿಯಾಗಿ ಬುಡಕ್ಕೆ ಹಾಕಿದರೆ ನಾಯಿ, ಹಂದಿಗಳ ಕಾಟ ತಪ್ಪದು, ನೊಣವೂ ಮುತ್ತುತ್ತದೆ. ಬದಲಿಗೆ ತೆಂಗಿನ ನಾರಿನ ಪುಡಿ ಅಥವಾ ಒಣ ತರಗೆಲೆಯ ಪದರ ಹಾಸಿ, ಅದರ ಮೇಲೆ ಮೀನಿನ ತ್ಯಾಜ್ಯ ತೆಳುವಾಗಿ ಹರಡಿ, ಮತ್ತೆ ನಾರಿನ ಪುಡಿಯಿಂದ ಪೂರ್ತಿ ಮುಚ್ಚಬೇಕು. ಹೀಗೆ ಪದರ ಪದರವಾಗಿ ರಾಶಿ ಹಾಕಿ, ಮಳೆ ಬೀಳದಂತೆ ಮೇಲೆ ಮಾಡು ಕಟ್ಟಿ, ರಾಶಿಯನ್ನು ಆಗಾಗ ಮಗುಚುತ್ತಾ ಬರಬೇಕು. ನಾರಿನ ಪುಡಿಯಲ್ಲಿ ಇಂಗಾಲ ವಿಪರೀತ, ಸಾರಜನಕ ಅತ್ಯಲ್ಪ. ಆದ್ದರಿಂದಲೇ ಅದು ಒಂಟಿಯಾಗಿ ಕೊಳೆಯುವುದಿಲ್ಲ. ಮೀನಿನ ಸಾರಜನಕ ಸೇರಿದಾಗ ಎರಡೂ ಒಟ್ಟಿಗೆ ಕೊಳೆತು ಒಳ್ಳೆಯ ಗೊಬ್ಬರವಾಗುತ್ತದೆ. ವಾಸನೆ ಪೂರ್ತಿ ಹೋಗಿ, ರಾಶಿ ತಣ್ಣಗಾಗಿ, ಕೈಯಲ್ಲಿ ಹುಡಿಯಾಗುವಂತಾದ ಮೇಲೆ ತೋಟಕ್ಕೆ ಹಾಕಬಹುದು.

ಗೊಬ್ಬರಕ್ಕೆಂದು ಒಣಮೀನು ಕೊಳ್ಳುವ ಮುನ್ನ ಚೀಲ ಬಿಚ್ಚಿ ಒಂದು ಹಿಡಿ ತೆಗೆದು ನೋಡಿರಿ. ಮೀನನ್ನು ಮೂತಿಯ ತುದಿಯಿಂದ ಬಾಲದ ತುದಿಯವರೆಗೆ ಅಳೆಯಬೇಕು. ಬೂತಾಯಿ 4 ಅಂಗುಲಕ್ಕಿಂತ, ಬಂಗುಡೆ ಐದೂವರೆ ಅಂಗುಲಕ್ಕಿಂತ ಚಿಕ್ಕದಿದ್ದರೆ ಅದು ಮರಿ. ಒಣಗಿದಾಗ ಮೀನು ಸ್ವಲ್ಪ ಕುಗ್ಗುವುದರಿಂದ ಅರ್ಧ ಅಂಗುಲದ ರಿಯಾಯಿತಿ ಕೊಡಬಹುದು. ಹೆಚ್ಚಿನ ಪಾಲು ಮರಿಯೇ ಆಗಿದ್ದರೆ ಆ ಚೀಲವನ್ನು ಬಿಟ್ಟು ಬೇರೆ ಗೊಬ್ಬರ ಕೊಳ್ಳುವುದು ಉತ್ತಮ. ಮೀನಿನ ತ್ಯಾಜ್ಯದ ಗೊಬ್ಬರದ ಬಗ್ಗೆ ಹೆಚ್ಚಿನ ವಿವರ ಬೇಕಾದವರು ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯವನ್ನು ಅಥವಾ ತಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು.